ಚೆಂಡಾಟದವರಿಗೆ ತೆರೆದ ಬಾಗಿಲು

ವಿನ್ನಿಪೆಗ್
೬ ನವೆಂಬರ್ ೧೯೯೪

ನನ್ನ ಅವ್ವ ನಿವಿಯಾಕ್‌ಗೆ,

ನಿನ್ನ ಮಗಳು ರೋಡಾ ಬರೆಯುವುದು. ಈ ಹಾಸ್ಟೆಲಿನಲ್ಲಿ ನಮ್ಮ ಕಾಗದಗಳನ್ನು ಅಂಚೆಗೆ ಹಾಕುವ ಬಿಳಿ ಹುಡುಗಿಯೊಬ್ಬಳಿದ್ದಾಳೆ. ಮೊನ್ನೆ ಕೇಳಿದಳು, "ನಿಮ್ಮಮ್ಮ ಇನ್ನೂ ಇದಾರಾ? ಎಷ್ಟು ವಯಸ್ಸು?" "ಇಪ್ಪತ್ತಾರು" ಎಂದೆ. ನಲವತ್ತೆಂಟು ವರ್ಷದ ನನ್ನ ಮುಖ ನೋಡಿದವಳೇ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿದಳು. ಸತ್ತ ಅವ್ವನ ಹೆಸರನ್ನು ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಇಟ್ಟ ಮೇಲೆ ಅವಳೇ ಅವ್ವ, ಹೆತ್ತವಳೇ ಮಗಳು. ನಮ್ಮೂರಿನ ನಾಯಿಗೂ ಗೊತ್ತಿರುವ ಈ ಮಾತು ಇಲ್ಲಿನ ಕಾಲೇಜು ಓದಿದವರ ತಲೆಗೆ ಹತ್ತುವುದಿಲ್ಲ.

ಯಂತ್ರ ಹೇಗಿದೆ ಎಂದು ನೀನು ಕೇಳಿದ್ದೆ. ಸೋಮವಾರ, ಬುಧವಾರ, ಶುಕ್ರವಾರ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ರಕ್ತವನ್ನು ಕೊಳವೆಯಲ್ಲಿ ಹೊರಗೆಳೆದು, ತೊಳೆದು, ಮತ್ತೆ ಒಳಗೆ ಬಿಡುತ್ತಾರೆ. ನನ್ನ ಎರಡು ಮೂತ್ರಪಿಂಡಗಳೂ ಕೈಕೊಟ್ಟಿವೆಯಲ್ಲ, ಅವುಗಳ ಕೆಲಸ ಇದು ಮಾಡುತ್ತದೆ. ಕುಡಿಯಲು ದಿನಕ್ಕೆ ಎರಡೂವರೆ ಲೋಟ ನೀರು. ತುಟಿ ಒಡೆದು ಚೂರಾಗಿದೆ. ಊರಿಗೆ ಯಾವಾಗ ಎಂದು ಡಾಕ್ಟರನ್ನು ಕೇಳಿದೆ.

"ನಿಮ್ಮೂರಲ್ಲಿ ಈ ಯಂತ್ರ ಇದೆಯಾ?"

"ಇಲ್ಲ."

"ಹಾಗಾದ್ರೆ ಇನ್ಮೇಲೆ ಇದೇ ನಿಮ್ಮೂರು."

ಮೈಯೆಲ್ಲ ಉರಿಯಿತು. ೧೯೫೩ರಲ್ಲಿ ನಿನ್ನನ್ನು, ಅಂದರೆ ಮೊದಲಿನ ನಿನ್ನನ್ನು, ಎದೆಯ ಚಿತ್ರ ತೆಗೆದು, ಕ್ಷಯ ಎಂದು ಹೇಳಿ, ಇದೇ ಊರಿಗೆ ವಿಮಾನದಲ್ಲಿ ತಂದರು. ಹೋದವಳು ತಿರುಗಿ ಬರಲಿಲ್ಲ. ಈ ಊರಿಗೆ ನಮ್ಮ ಮನೆಯಿಂದ ಒಬ್ಬಳನ್ನು ಕೊಟ್ಟದ್ದು ಸಾಕು. ನಾನು ಇಲ್ಲಿ ಸಾಯುವುದಿಲ್ಲ. ಬೇಕಾದರೆ ಆ ಯಂತ್ರ ಸಾಯಲಿ.

ಫೋನು ಮಾಡಬೇಡ. ಫೋನಿನಲ್ಲಿ ನಾನು "ಚೆನ್ನಾಗಿದೀನಿ" ಎಂದು ಸುಳ್ಳು ಹೇಳಿಬಿಡುತ್ತೇನೆ. ಕಾಗದದಲ್ಲಾದರೆ ಬೈಯಲು ಜಾಗ ಸಿಗುತ್ತದೆ.

ಕತ್ತಲೆಯ ಕಾಲ ಬಂತು. ಆಕಾಶದಲ್ಲಿ ಬೆಳಕು ಎದ್ದು ಚೆಂಡಾಟದವರು ಹೊರಬಿದ್ದರೆ ಟೊಪ್ಪಿಗೆ ಎಳೆದುಕೊಂಡು ಒಳಗೆ ಬಾ. ಕಿಟಕಿಗೆ ಕಂಬಳಿ ಕಟ್ಟು. ಸತ್ತವರು ವಾಲ್ರಸ್ ಬುರುಡೆಯನ್ನು ಒದ್ದು ಆಡುವ ಆಟ ಬದುಕಿದ್ದವರು ನೋಡುವಂಥದ್ದಲ್ಲ. ಸಿಳ್ಳೆ ಮಾತ್ರ ಹಾಕಲೇಬೇಡ. ಸಿಳ್ಳೆ ಕೇಳಿದರೆ ಅವರು ಇಳಿದು ಬರುತ್ತಾರೆ, ತಲೆ ಕಿತ್ತು ಅದನ್ನೇ ಚೆಂಡು ಮಾಡಿಕೊಳ್ಳುತ್ತಾರೆ.

ನಿನ್ನನ್ನು ಹೆತ್ತ ಮಗಳು,
ರೋಡಾ


ಇಕಾಲುಲಿಕ್, ಹಡ್ಸನ್ ಕೊಲ್ಲಿ
೧೯ ನವೆಂಬರ್ ೧೯೯೪

ಮಗಳೇ ರೋಡಾ,

ಅವ್ವ ಎಂದು ನೀನೇ ಕರೆದೆ. ಹಾಗಾದರೆ ಅವ್ವನ ಅಪ್ಪಣೆ ಕೇಳು: ಅಲ್ಲೇ ಇರು. ಡಾಕ್ಟರ ಮೇಲಿನ ಸಿಟ್ಟಿಗೆ ಯಂತ್ರ ಬಿಟ್ಟು ಬರುತ್ತಾರೇನೆ ಯಾರಾದರೂ? ನೆಗಡಿ ಆಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ನೀನು ಅಲ್ಲಿ ಕುರ್ಚಿಯಲ್ಲಿ ಕೂತು ಬೈಯುತ್ತಿದ್ದರೆ ನನಗೆ ಇಲ್ಲಿ ನಿದ್ದೆ ಬರುತ್ತದೆ.

ಕಾವಿಕ್ ಮಾವನಿಗೂ ನಿನ್ನ ಕಾಗದ ಓದಿ ಹೇಳಿದೆ. "ನನ್ನ ತಂಗಿ ಮೊಂಡಿ. ಮೊಂಡರು ರಾಜನಿಗಿಂತ ಬಲವಂತರು ಅವ್ವ, ನೀನೇ ಬುದ್ಧಿ ಹೇಳು" ಎಂದ. ಐವತ್ತೊಂದು ವರ್ಷದ ಅವನಿಗೂ ನಾನೇ ಅವ್ವ. ಮೀನು ಕೊಯ್ದ ಚಾಕುವನ್ನು ಹಾಸಿಗೆಗೆ ಒರೆಸಿದಾಗ ಕಿವಿ ಹಿಂಡಿದರೂ ಸುಮ್ಮನಿರುತ್ತಾನೆ, ಪಾಪ.

ಈಗ ಬೈಸಿಕೊಳ್ಳುವ ವಿಷಯ. ಶಾಲೆಯ ಮೇಷ್ಟ್ರು ಊರು ಬಿಟ್ಟು ಹೋದರು. ಅವರ ಮಗಳಿಗೆ ನಾನು ಹಿಮಸಾರಂಗದ ಚರ್ಮದ ಅಂಗಿ ಹೊಲಿದುಕೊಟ್ಟಿದ್ದೆ. ಅದಕ್ಕೆ ಬದಲಾಗಿ ತಮ್ಮ ಕ್ಯಾಮೆರಾ ಕೊಟ್ಟು ಹೋದರು. ಗುರುವಾರ ಸಂಜೆ ಆರಕ್ಕೆ ಮಾವನ ಮನೆಯಿಂದ ಮಾಂಸ ಹೊತ್ತು ಬರುತ್ತಿದ್ದೆ. ಅವರು ಎದ್ದರು. ಚೆಂಡಾಟದವರ ಬೆಳಕಿಗೆ ಹಿಮದ ಮೇಲೆ ನನ್ನ ಬೂಟು ಹಸಿರಾಯಿತು. ಇಪ್ಪತ್ತಾರು ವರ್ಷ ನಿನ್ನ ಮಾತು ಕೇಳಿ ಬೂಟಿನ ತುದಿ ನೋಡಿಕೊಂಡೇ ಮನೆ ಸೇರಿದವಳು ನಾನು. ಊರಿನ ಹುಡುಗರು "ಏ ಬೂಟಮ್ಮ, ಬೂಟು ಏನನ್ನುತ್ತೆ?" ಎಂದು ಆಡಿಕೊಂಡದ್ದು ನಿನಗೂ ಗೊತ್ತು. ಅವತ್ತು ಸಾಕೆನಿಸಿತು. ನೀನೂ ಇಲ್ಲ, ಮನೆಯಲ್ಲಿ ದೀಪವೂ ಇಲ್ಲ. ಒಳಗೆ ಹೋಗಿ ಯಾರಿಗೆ ಹೆದರಲಿ? ಟೊಪ್ಪಿಗೆ ಹಿಂದಕ್ಕೆ ತಳ್ಳಿ ತಲೆಯೆತ್ತಿದೆ.

ಮೊದಲು ಹೊಗೆಯ ಒಂದು ಗೆರೆ, ಅಷ್ಟೆ. ಇದಕ್ಕೇನಾ ಇಷ್ಟು ವರ್ಷ ಕಿಟಕಿಗೆ ಕಂಬಳಿ ಕಟ್ಟಿದ್ದು ಎಂದುಕೊಂಡೆ. ಅಷ್ಟರಲ್ಲಿ ಆ ಗೆರೆ ನಡುವಿನಲ್ಲಿ ಒಡೆದು, ಯಾರೋ ಒದ್ದೆ ಬಟ್ಟೆ ಒದರಿದ ಹಾಗೆ ಆ ತುದಿಯಿಂದ ಈ ತುದಿಗೆ ಓಡಿತು. ಹಸಿರು, ಅದರ ಅಂಚಿಗೆ ಕೆಂಪು. ಇನ್ನೊಂದು ಕಡೆಯಿಂದ ಮತ್ತೊಂದು ಓಡಿ ಬಂತು. ಖಂಡಿತ ಅದು ಆಟ ಮಗಳೇ, ಆಟವಲ್ಲದೆ ಬೇರೇನೂ ಅಲ್ಲ. ಯಾರೋ ಒದ್ದರು, ಯಾರೋ ಹಿಡಿದರು. ನಾನು ಮಾಂಸದ ಚೀಲ ಕೆಳಗೆ ಬಿಟ್ಟು ಅತ್ತುಬಿಟ್ಟೆ. ರೆಪ್ಪೆಗಳು ಒಂದಕ್ಕೊಂದು ಹೆಪ್ಪುಗಟ್ಟಿ ಅಂಟಿಕೊಂಡವು, ಬಾಯಿಯ ಬಿಸಿ ಉಸಿರು ಊದಿ ಬಿಡಿಸಿಕೊಂಡೆ.

ಕ್ಯಾಮೆರಾ ತಂದೆ. ಅದರ ಬ್ಯಾಟರಿ ಚಳಿಗೆ ಸಾಯುತ್ತದೆ, ಅದಕ್ಕೆ ಕಂಕುಳಲ್ಲಿಟ್ಟು ಕಾಯಿಸಿದೆ. ಖಾಲಿ ಎಣ್ಣೆ ಪೀಪಾಯಿಯನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿದೆ. ಕೈಯಿಂದ ಗುಂಡಿ ಒತ್ತಿದರೆ ಚಿತ್ರ ಅಲುಗುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಒತ್ತಿ ದೂರ ನಿಂತರೆ ಹತ್ತು ಎಣಿಸಿ ತಾನೇ ತೆಗೆಯುವ ಉಪಾಯ ಅದರಲ್ಲಿದೆ. ಒತ್ತಿದೆ. ಅದು ಎಣಿಸುವಾಗ ಸದ್ದು ಮಾಡುತ್ತದೆಂದು ನನಗೇನು ಗೊತ್ತು? "ಪೀಂ, ಪೀಂ, ಪೀಂ" ಎಂದು ಸಿಳ್ಳೆ ಹಾಕಿತು!

ನನ್ನನ್ನು ಹುಡುಕಿಕೊಂಡು ಮಾವ ಅದೇ ಹೊತ್ತಿಗೆ ಬಂದ. "ಅಯ್ಯಯ್ಯೋ, ಸಿಳ್ಳೆ ಹಾಕ್ತಿದೆ ಕಣೇ ಅವ್ವ! ಅದರ ಬಾಯಿ ಮುಚ್ಸು! ಬಾಯಿ ಎಲ್ಲಿದೆ ಅದಕ್ಕೆ?" ಎಂದು ಕೂಗಿ, ಅವರನ್ನು ಓಡಿಸಲು ಉಗುರಿಗೆ ಉಗುರು ತಿಕ್ಕಿಕೊಂಡು ಕ್ಯಾಮೆರಾದ ಎದುರಿಗೇ ಓಡಾಡಿದ. ಅವರು ಇಳಿದದ್ದೂ ನಿಜ. ಸುಳ್ಳೇಕೆ ಹೇಳಲಿ, ಜೀವ ಬಾಯಿಗೆ ಬಂತು. ಆದರೆ ನಾನು ಓಡಲಿಲ್ಲ. ನಿಂತೆ, ನೋಡಿದೆ, ಅವರು ಮತ್ತೆ ಮೇಲೆ ಹೋದರು. ನನ್ನ ತಲೆ ನನ್ನ ಕತ್ತಿನ ಮೇಲೇ ಇದೆ.

ಈ ಊರಿನಲ್ಲಿ ರೀಲು ತೊಳೆಯುವವರಿಲ್ಲ. ಇದರ ಜೊತೆ ಕಳಿಸಿದ್ದೇನೆ. ಅಲ್ಲಿ ತೊಳೆಸಿ ನೀನೇ ಮೊದಲು ನೋಡು. ಆಮೇಲೆ ಎಷ್ಟು ಬೇಕೋ ಅಷ್ಟು ಬೈ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಅವ್ವ,
ನಿವಿಯಾಕ್


ವಿನ್ನಿಪೆಗ್
೩ ಡಿಸೆಂಬರ್ ೧೯೯೪

ನಿವಿಯಾಕ್,

ಇವತ್ತು ಅವ್ವ ಎಂದು ಕರೆಯುವುದಿಲ್ಲ. ಇವತ್ತು ನೀನು ಬರೀ ನನ್ನ ಮಗಳು, ಅದೂ ಹೇಳಿದ ಮಾತು ಕೇಳದ ಮಗಳು.

ನೋಡಬೇಡ ಎಂದರೆ ನೋಡಿದೆ. ಸಿಳ್ಳೆ ಬೇಡವೆಂದರೆ ಸಿಳ್ಳೆ ಹಾಕಲು ಯಂತ್ರವನ್ನೇ ತಂದೆ. ಸಾಲದು ಎಂದು ಚಿತ್ರ ಬೇರೆ! ಚಿತ್ರ ತೆಗೆದ ಮೇಲೆ ನಮ್ಮ ಮನೆಯಲ್ಲಿ ಯಾರು ಉಳಿದಿದ್ದಾರೆ ಹೇಳು. ಅವ್ವನ ಎದೆಯ ಚಿತ್ರ ತೆಗೆದರು, ಕರೆದುಕೊಂಡು ಹೋದರು. ನನ್ನ ಹೊಟ್ಟೆಯ ಚಿತ್ರ ತೆಗೆದರು, ಇಲ್ಲಿ ತಂದು ಕೂರಿಸಿದರು. ಈಗ ನೀನು ಸತ್ತವರ ಚಿತ್ರ ತೆಗೆಯಲು ಹೊರಟಿದ್ದೀಯ.

ರೀಲು ಬಂತು. ಮೇಜಿನ ಖಾನೆಯಲ್ಲಿ ನನ್ನ ಕಾಲುಚೀಲದೊಳಗೆ ಸುತ್ತಿ ಇಟ್ಟಿದ್ದೇನೆ. ತೊಳೆಸುವುದಿಲ್ಲ. ನನ್ನ ಕೋಣೆಯಲ್ಲಿರುವ ಸುಝಾನ್ ಮುದುಕಿ, "ಒಂದ್ಸಲ ನೋಡಿಬಿಡೇ, ಏನು ಕಚ್ಚುತ್ತಾ ಅದು?" ಎಂದು ದಿನಾ ಕೆಣಕುತ್ತಾಳೆ. ಕಚ್ಚುತ್ತದೆ ಎಂದೆ.

ಅಲ್ಲೇ ಇರು ಎಂದು ಅಪ್ಪಣೆ ಬೇರೆ. ಇಲ್ಲಿ ರಾತ್ರಿ ಆಕಾಶ ತುಕ್ಕಿನ ಬಣ್ಣಕ್ಕಿದೆ. ಒಂದು ನಕ್ಷತ್ರ ಕಾಣುವುದಿಲ್ಲ. ಇಂಥ ಕಡೆ ಕೂತಿರು ಎಂದು ಹೇಳುವುದು ಸುಲಭ. ನೀನು ಬಂದು ಕೂತು ನೋಡು.

ರೋಡಾ


ಇಕಾಲುಲಿಕ್
೧೫ ಡಿಸೆಂಬರ್ ೧೯೯೪

ಮಗಳೇ,

ನೀನು ಕರೆಯದಿದ್ದರೂ ನಾನು ಅವ್ವನೇ. ಹೆಸರು ನೀನೇ ಇಟ್ಟದ್ದು, ಈಗ ವಾಪಸು ಕೇಳಿದರೆ ಕೊಡುವುದಿಲ್ಲ.

ನಿನ್ನ ಕಾಗದ ಓದಿದ ಮೇಲೂ ಮೂರು ಸಲ ಹೊರಗೆ ಹೋದೆ. ಮೂರು ಸಲವೂ ಕ್ಯಾಮೆರಾ ಸಿಳ್ಳೆ ಹಾಕಿತು. ಒಂದು ಸಲ ಅವರು ಎಷ್ಟು ಕೆಳಗೆ ಬಂದರೆಂದರೆ ಎಣ್ಣೆ ಪೀಪಾಯಿಯ ಮೇಲಿನ ಅಕ್ಷರ ಓದಬಹುದಿತ್ತು. ನನಗೆ ಏನೂ ಆಗಲಿಲ್ಲ. ಈಗ ಪಕ್ಕದ ಮನೆಯವರೂ ನನ್ನ ಜೊತೆ ಬಂದು ನಿಲ್ಲುತ್ತಾರೆ, ಬೂಟಮ್ಮ ಎಂದು ಯಾರೂ ಕರೆಯುವುದಿಲ್ಲ. ನೀನು ಹೇಳಿದ್ದು ಸುಳ್ಳು ಎನ್ನುತ್ತಿಲ್ಲ. ನೀನು ಹೇಳದೆ ಬಿಟ್ಟದ್ದು ಏನೋ ಇದೆ ಎನ್ನುತ್ತಿದ್ದೇನೆ.

ಮಾವನನ್ನು ಕೇಳಿದೆ. ಚಹಾ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟ. "ನನ್ನ ತಂಗೀನೇ ಕೇಳು. ಹಿಮದ ಇಟ್ಟಿಗೆ ವಿಷಯ ಕೇಳು" ಎಂದವನು ಟೊಪ್ಪಿಗೆ ಹಾಕಿಕೊಂಡು ಹೊರಟೇಬಿಟ್ಟ. ಅರ್ಧ ಲೋಟ ಚಹಾ ಬಿಟ್ಟು ಹೋದ. ಮಾವ ಚಹಾ ಬಿಟ್ಟು ಎದ್ದದ್ದನ್ನು ನಾನು ಇದುವರೆಗೆ ನೋಡಿಲ್ಲ.

ಕೇಳುತ್ತಿದ್ದೇನೆ. ಯಾವ ಇಟ್ಟಿಗೆ?

ನಿನ್ನ ಅವ್ವ,
ನಿವಿಯಾಕ್


ವಿನ್ನಿಪೆಗ್
೮ ಜನವರಿ ೧೯೯೫

ಅವ್ವಾ,

ಕಾವಿಕ್‌ನ ನಾಲಿಗೆಗೆ ಹಿಮ ಕಚ್ಚಲಿ. ನಲವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವನಿಗೆ ಈಗೇನು ಬಂದಿತ್ತು?

ಕ್ರಿಸ್‌ಮಸ್ ಮರುದಿನ ರೀಲನ್ನು ಕಾಲುಚೀಲದಿಂದ ತೆಗೆದು ಬೀದಿಯ ಕೊನೆಯ ಸ್ಟುಡಿಯೋಕ್ಕೆ ಒಯ್ದೆ. ಎರಡು ದಿನ ಬಿಟ್ಟು ಹೋದರೆ ಅಂಗಡಿಯವನು ತಲೆ ಅಲ್ಲಾಡಿಸಿದ. "ಇದರಲ್ಲಿ ಏನೂ ಇಲ್ಲಮ್ಮ. ಬರೀ ಕಪ್ಪು. ಪ್ರಿಂಟು ಹಾಕಿ ದಂಡ."

"ಏನೂ ಇಲ್ಲ ಅನ್ನೋಕೆ ನೀನ್ಯಾರಯ್ಯ? ನಮ್ಮೂರಿನ ಕತ್ತಲೆ ಅದು. ಎಲ್ಲಾ ಹಾಕು" ಎಂದೆ.

ಇಪ್ಪತ್ತನಾಲ್ಕು ಪ್ರಿಂಟು ಕೊಟ್ಟ. ಇಪ್ಪತ್ತಮೂರು ನಿಜವಾಗಿಯೂ ಕಪ್ಪು. ಇಪ್ಪತ್ತನಾಲ್ಕನೆಯದನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ನೋಡಿದೆ. ನಮ್ಮ ಮನೆ, ಮಗುಚಿದ ಜಾರುಬಂಡಿ, ಓಡುತ್ತಿರುವ ಕಾವಿಕ್‌ನ, ಅಲುಗಿ ನಾಲ್ಕಾದ ಕಾಲು. ಮೇಲೆಲ್ಲ ಅವರು. ಎರಡು ಬಸ್ಸು ಬಂದು ಹೋದವು, ನಾನು ಏಳಲಿಲ್ಲ. ಹುಟ್ಟಿದ ಮೇಲೆ ಅವರನ್ನು ಮುಖಕ್ಕೆ ಮುಖ ಕೊಟ್ಟು ನೋಡಿದ್ದು ಅದು ಎರಡನೇ ಸಲ. ಮೊದಲನೆಯದು ಹೇಳುತ್ತೇನೆ, ಕೇಳು.

ನಿನ್ನನ್ನು ವಿಮಾನದಲ್ಲಿ ಒಯ್ದದ್ದು ವಸಂತದಲ್ಲಿ. ನೀನು ಸತ್ತ ಸುದ್ದಿ ನಮ್ಮ ಬಿಡಾರಕ್ಕೆ ಬಂದದ್ದು ಹಿಮ ಬಿದ್ದ ಮೇಲೆ. ನನಗೆ ಏಳು ವರ್ಷ. ಅಪ್ಪ ಅಳಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಮೇಲೆ ತೋರಿಸಿ, "ನಿಮ್ಮವ್ವ ಈಗ ಅಲ್ಲಿ ಚೆಂಡಾಡ್ತಿದಾಳೆ. ಅವಳಿಗೆ ಕೆಮ್ಮಿಲ್ಲ" ಎಂದ. ಅಷ್ಟು ಹೇಳಿ ಸುಮ್ಮನಿದ್ದರೆ ಚೆನ್ನಾಗಿತ್ತು. "ಸಿಳ್ಳೆ ಹಾಕ್ಬೇಡ, ಇಳಿದು ಬಂದ್ಬಿಡ್ತಾರೆ" ಎಂದ.

ಬೇಡ ಎಂದದ್ದು ನನಗೆ ದಾರಿ ಹೇಳಿಕೊಟ್ಟಂತಾಯಿತು. ಮರುದಿನ ಕತ್ತಲಾದರೂ ಗಂಡಸರು ಬೇಟೆಯಿಂದ ತಿರುಗಿ ಬಂದಿರಲಿಲ್ಲ, ಆ ಹೊತ್ತು ಹಿಮದ ಮನೆಯ ಹೊರಗೆ ನಿಂತು ಸಿಳ್ಳೆ ಹಾಕಿದೆ. ಬಾಯಿ ನೋಯುವವರೆಗೆ ಹಾಕಿದೆ. ಅವರು ಬಂದರು. ಸದ್ದು ಮಾಡಿಕೊಂಡು, ಒಣ ಚರ್ಮ ಎಳೆದ ಹಾಗೆ ಸರ್ರೆಂದು ಬಂದರು. ನಾನು ಕರೆದದ್ದಕ್ಕೇ ನೀನು ಬಂದೆ. ನಾನು ಏನು ಮಾಡಿದೆ ಗೊತ್ತಾ? ಹೆದರಿ ಒಳಗೆ ನುಸುಳಿ, ಬಾಗಿಲಿಗೆ ಇಡುವ ಹಿಮದ ಇಟ್ಟಿಗೆಯನ್ನು ಎಳೆದು ಮುಚ್ಚಿದೆ. ಅದರ ಬೆನ್ನಿಗೆ ನನ್ನ ಬೆನ್ನು ಕೊಟ್ಟು ಕೂತೆ. ಒಳಗಿದ್ದ ಕಾವಿಕ್ ಎಲ್ಲ ನೋಡಿದ. ಅಷ್ಟು ದೂರದಿಂದ, ಸತ್ತ ಮೇಲೆ, ನನ್ನನ್ನು ನೋಡಲು ಬಂದವಳ ಮುಖಕ್ಕೆ ಬಾಗಿಲು ಹಾಕಿದವಳು ನಾನು.

ಆಮೇಲೆ ತಲೆ ಎತ್ತಲಿಲ್ಲ. ನಿನಗೆ ಬೂಟು ನೋಡಲು ಕಲಿಸಿದ್ದು ಹೆದರಿಕೆಯಿಂದಲ್ಲ ಅವ್ವ, ನಾಚಿಕೆಯಿಂದ.

ಈಗ ನಾನು ಇಲ್ಲಿ ಸತ್ತರೆ ಯಾವ ಆಕಾಶಕ್ಕೆ ಹೋಗಲಿ? ಇಲ್ಲಿ ಆಕಾಶಕ್ಕೂ ಬೀದಿದೀಪ. ತೀರ್ಮಾನ ಮಾಡಿದ್ದೇನೆ. ಫೆಬ್ರವರಿಯಲ್ಲಿ ಯಂತ್ರ ಬಿಟ್ಟು ಬರುತ್ತೇನೆ, ಬಂದರೆ ಮತ್ತೆ ಹೋಗುವುದಿಲ್ಲ. ಯಂತ್ರವಿಲ್ಲದೆ ಎರಡು ವಾರ ಬದುಕಬಹುದು ಎಂದು ಸುಝಾನ್ ಹೇಳಿದಳು. ಎರಡು ವಾರ ಸಾಕು. ಆಕಾಶ ನೋಡಲು ಒಂದು ಸಂಜೆ ಸಾಕು.

ನಿನ್ನ ಕೆಟ್ಟ ಮಗಳು,
ರೋಡಾ


ಇಕಾಲುಲಿಕ್
೨೦ ಜನವರಿ ೧೯೯೫

ಮಗಳೇ ರೋಡಾ,

ಇದನ್ನು ನಾನು ಅವ್ವನಾಗಿಯೇ ಬರೆಯುತ್ತಿದ್ದೇನೆ, ತಮಾಷೆಗಲ್ಲ. ಮೂರು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಆ ದಿನ ನಾನು ಬಂದದ್ದು ನಿಜ. ನೀನು ಬಾಗಿಲು ಮುಚ್ಚಿದ್ದೂ ನಿಜ. ಏಳು ವರ್ಷದ ಮಗು, ಮನೆಯಲ್ಲಿ ದೊಡ್ಡವರಿಲ್ಲ, ಏನೋ ಬರುವ ಸದ್ದಾಯಿತು, ಬಾಗಿಲು ಮುಚ್ಚಿತು. ಹಾಗೆ ಮುಚ್ಚಬೇಕೆಂದು ನಿನಗೆ ಕಲಿಸಿದವರು ಯಾರು? ನಾನೇ. ಕರಡಿ ಬಂದರೂ ಗಾಳಿ ಬಂದರೂ ಮೊದಲು ಇಟ್ಟಿಗೆ ಎಳಿ ಎಂದು ಹೇಳಿಕೊಟ್ಟವಳು ನಾನು. ಹೇಳಿಕೊಟ್ಟದ್ದನ್ನು ಮಾಡಿದ್ದಕ್ಕೆ ಸಿಟ್ಟಾಗುವಷ್ಟು ದಡ್ಡಿಯಲ್ಲ. ಮಗಳು ಜಾಣೆ ಎಂದುಕೊಂಡು ಹೋದೆ. ಹೋಗಿ ಸುಮ್ಮನಿರಲಿಲ್ಲ. ಹದಿನೈದು ವರ್ಷ ಕಾದು, ಒಳಗೆ ಬರಲು ಬೇರೆ ಬಾಗಿಲು ಇಲ್ಲವೆಂದು ನಿನ್ನ ಹೊಟ್ಟೆಯಿಂದಲೇ ಬಂದೆ. ಆಗ ನೀನು ಬಾಗಿಲು ಹಾಕಲಿಲ್ಲವಲ್ಲ. ಇನ್ನೇನು ಲೆಕ್ಕ ಬಾಕಿ ಇದೆ ನಮ್ಮಿಬ್ಬರಿಗೆ?

ಆದರೆ ಸಾಯಲು ಬರುತ್ತೇನೆ ಎಂದರೆ ಈ ಮನೆಯಲ್ಲಿ ಜಾಗ ಇಲ್ಲ. ಒಂದು ಸಲ ನಿನ್ನನ್ನು ಬಿಟ್ಟು ಹೋದೆ, ಅದು ನನ್ನ ಕೈಯಲ್ಲಿರಲಿಲ್ಲ. ನೀನು ನನ್ನನ್ನು ಬಿಟ್ಟು ಹೋಗುವುದು ನಿನ್ನ ಕೈಯಲ್ಲಿದೆ. ಬೇಡ. ನನಗೆ ಇಪ್ಪತ್ತಾರು ವರ್ಷ ಅಷ್ಟೆ ಅಮ್ಮ, ನನಗೆ ಇನ್ನೂ ನೀನು ಬೇಕು.

ನವೆಂಬರಿನಲ್ಲಿ ಕೊಟ್ಟ ಅಪ್ಪಣೆಯನ್ನು ಅರ್ಧ ವಾಪಸು ತೆಗೆದುಕೊಂಡಿದ್ದೇನೆ. ಬಾ, ಆದರೆ ವಾಪಸು ಹೋಗು. ಆಗ ನನಗೆ ಈ ಊರಿನಿಂದ ಹೋಗುವ ದಾರಿ ಮಾತ್ರ ಇತ್ತು, ನಿನಗೆ ಬರುವ ದಾರಿಯೂ ಹೋಗುವ ದಾರಿಯೂ ಎರಡೂ ಇರಲಿ. ಶುಕ್ರವಾರ ಸಂಜೆ ರಕ್ತ ತೊಳೆಸಿಕೋ. ಶನಿವಾರದ ವಿಮಾನಕ್ಕೆ ಬಾ. ಸೋಮವಾರ ಬೆಳಿಗ್ಗೆ ಹೊರಟರೆ ಸಂಜೆ ಮತ್ತೆ ಆ ಕುರ್ಚಿಯಲ್ಲಿ ಕೂತಿರುತ್ತೀಯ. ಗಾಳಿ ಎದ್ದು ವಿಮಾನ ನಿಂತರೆ ಏನಾಗುತ್ತದೆಂದು ನನಗೂ ಗೊತ್ತು, ನಿನಗೂ ಗೊತ್ತು. ಅದನ್ನು ಬರೆಯುವುದಿಲ್ಲ.

ಟಿಕೆಟ್ಟು ಮಾವನದು. ಸಹಕಾರಿ ಅಂಗಡಿಯ ಕ್ರಿಸ್‌ಮಸ್ ಚೀಟಿಯಲ್ಲಿ ಅವನಿಗೆ ವಿನ್ನಿಪೆಗ್‌ಗೆ ಹೋಗಿ ಬರುವ ಟಿಕೆಟ್ಟು ಬಹುಮಾನ ಬಂದಿತ್ತು. ಹಾಕಿ ಪಂದ್ಯ ನೋಡುತ್ತೇನೆಂದು ಮೀಸೆ ಕತ್ತರಿಸಿಕೊಂಡು ಕೂತಿದ್ದ. ಈಗ ಮ್ಯಾನೇಜರನ ಹತ್ತಿರ ಜಗಳಕ್ಕೆ ಹೋದ.

"ಇದು ಇಲ್ಲಿಂದ ಅಲ್ಲಿಗೆ ಹೋಗಿ ಬರೋ ಟಿಕೆಟ್ಟು ಕಾವಿಕ್. ಅಲ್ಲಿಂದ ಇಲ್ಲಿಗೆ ಬಂದು ಹೋಗೋದಲ್ಲ."

"ಆಕಾಶದಲ್ಲಿ ಏನು ಒನ್ ವೇ ಬೋರ್ಡು ಹಾಕಿದಾರಾ? ತಿರುಗಿಸಿ ಕೊಡಯ್ಯ. ಕೊಡದಿದ್ರೆ ನಿನ್ನ ಅಂಗಡಿ ಮುಂದೆ ಚೆಂಡಾಟದವರನ್ನ ಕರೆಸ್ತೀನಿ. ನಮ್ಮನೇಲಿ ಸಿಳ್ಳೆ ಹಾಕೋ ಯಂತ್ರ ಇದೆ, ಗೊತ್ತಲ್ಲ?"

ತಿರುಗಿಸಿ ಕೊಟ್ಟರು.

ನಿನ್ನ ಅವ್ವ, ನಿನ್ನ ಮಗಳು,
ನಿವಿಯಾಕ್


ವಿನ್ನಿಪೆಗ್
೫ ಫೆಬ್ರವರಿ ೧೯೯೫

ಅವ್ವಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಮಡಿಕೆ ಹರಿದಿದೆ, ಅಷ್ಟು ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಆಗುವುದೇ ಇಲ್ಲ ಎಂದರು. ದೊಡ್ಡ ನರ್ಸಮ್ಮ ನನ್ನನ್ನು ಕೂರಿಸಿಕೊಂಡು, "ಅಲ್ಲಿ ಬಿರುಗಾಳಿಗೆ ಸಿಕ್ಕಿಹಾಕ್ಕೊಂಡ್ರೆ ಹೃದಯ ನಿಂತುಹೋಗುತ್ತೆ ರೋಡಾ. ಅರ್ಥ ಆಯ್ತಾ?" ಎಂದಳು.

"ಆಯ್ತು."

"ಆದ್ರೂ ಹೋಗ್ತೀರಾ?"

"ನಮ್ಮವ್ವ ಕರೆದಿದಾಳೆ. ಹೋಗದೆ ಇರೋಕಾಗುತ್ತಾ?"

ಏನಾದರೂ ಆದರೆ ಹೊಣೆ ನನ್ನದೇ ಎಂಬ ಕಾಗದ ಮುಂದಿಟ್ಟರು. ನಮ್ಮ ಅಕ್ಷರದಲ್ಲಿ, ದೊಡ್ಡದಾಗಿ, ಅವರ ಗೆರೆ ದಾಟುವ ಹಾಗೆ ಸಹಿ ಹಾಕಿದೆ. "ಸೋಮವಾರ ಸಂಜೆ ಕುರ್ಚಿ ಖಾಲಿ ಇಟ್ಟಿರಿ, ಬೇರೆಯವರನ್ನ ಕೂರಿಸಿದ್ರೆ ಜಗಳ ಆಗುತ್ತೆ" ಎಂದೂ ಹೇಳಿ ಬಂದೆ. ಸುಝಾನ್ ತನ್ನ ಕೆಂಪು ಶಾಲು ಕೊಟ್ಟಿದ್ದಾಳೆ. ಸ್ವಲ್ಪ ಹೊತ್ತು ಅದನ್ನು ಆಕಾಶದ ಕೆಳಗೆ ಹಿಡಿ, ಸಾಕು ಎಂದಳು. ಅವಳು ಬಂದು ಆರು ವರ್ಷವಾಯಿತು.

ಹದಿನೆಂಟನೇ ತಾರೀಖು ಶನಿವಾರ. ಕೆರೆಯ ಮಂಜುಗಡ್ಡೆ ಒಡೆದು ಇಟ್ಟಿರು. ಅದನ್ನು ಕರಗಿಸಿದ ನೀರಿನ ಚಹಾ ಒಂದು ಲೋಟ ಕುಡಿಯಬೇಕು. ಎರಡೂವರೆ ಲೋಟದಲ್ಲಿ ಒಂದು ಅದಕ್ಕೇ ಎಂದು ಎತ್ತಿಟ್ಟಿದ್ದೇನೆ.

ರೋಡಾ


ಇಕಾಲುಲಿಕ್
೨ ಮಾರ್ಚ್ ೧೯೯೫

ಮಗಳೇ,

ನಿನಗೆ ಎಚ್ಚರ ಬಂತು ಎಂದು ಆಸ್ಪತ್ರೆಯಿಂದ ನಿನ್ನೆ ಫೋನು ಬಂತು. ನಾನು ಅಂಗಡಿಯ ನಡುವೆ ಅಕ್ಕಿಯ ಮೂಟೆಯ ಮೇಲೆ ಕೂತು ಅತ್ತೆ. ಮಾವ ಅಳಲಿಲ್ಲವಂತೆ, ಈರುಳ್ಳಿ ಹೆಚ್ಚುತ್ತಿದ್ದನಂತೆ. ನಮ್ಮ ಅಂಗಡಿಗೆ ಈರುಳ್ಳಿ ಬಂದು ಎರಡು ತಿಂಗಳಾಯಿತು.

ನೀನು ಇದ್ದಾಗ ಬರೆಯಲು ಏನೂ ಇರಲಿಲ್ಲ. ಈಗ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಕೊನೆಗೆ ನಿನಗೆ ಜ್ವರವೇರಿತ್ತು. ಎಷ್ಟು ನೆನಪಿದೆಯೋ ತಿಳಿಯದು.

ಶನಿವಾರ ಮೋಡ, ಭಾನುವಾರ ಮೋಡ. ನೀನು ಕಿಟಕಿಯ ಕಂಬಳಿಯನ್ನು ಕಿತ್ತು ನಾಯಿಗೆ ಹಾಸಿದೆ. ಸೋಮವಾರ ಗಾಳಿ ಎದ್ದು ವಿಮಾನ ನಿಂತಿತು. ನಾನು ರೇಡಿಯೋದ ಮುಂದೆ ಕೂತು ನನ್ನ ಉಗುರನ್ನೆಲ್ಲ ಕಚ್ಚಿದೆ. ಕರೆಸಿದವಳು ನಾನು, ಕೊಂದವಳೂ ನಾನೇ ಆಗುತ್ತೇನೆ ಎಂದುಕೊಂಡೆ. ನೀನು ಮಾತ್ರ, "ಬಾರದ ವಿಮಾನಕ್ಕೆ ಬೈದ್ರೆ ಬರುತ್ತಾ? ಇಸ್ಪೀಟು ಹಾಕು" ಎಂದೆ. ಮಂಗಳವಾರ ನಿನ್ನ ಪಾದ ಊದಿ ಬೂಟಿನೊಳಗೆ ಹೋಗಲಿಲ್ಲ. ಸಂಜೆ ಗಾಳಿ ನಿಂತಿತು. ಆಕಾಶ ತಿಳಿಯಾಯಿತು. ಅವರು ಎದ್ದರು.

ಮಾವನ ಬೂಟು ತೊಡಿಸಿ ನಿನ್ನನ್ನು ಹೊಸ್ತಿಲಿಗೆ ತಂದೆವು. ಮಾವ ಅಭ್ಯಾಸಬಲದಿಂದ ಹಿಂದೆ ಬಾಗಿಲು ಎಳೆಯಲು ಹೋದ. "ಮುಟ್ಟಬೇಡ್ವೋ ಅದನ್ನ!" ಎಂದು ನೀನು ಕೂಗಿದ್ದು ಸಹಕಾರಿ ಅಂಗಡಿಯವರೆಗೆ ಕೇಳಿತಂತೆ. ಬಾಗಿಲು ಹಾರು ಹೊಡೆದ ಹಾಗೆಯೇ ಇತ್ತು. ಮನೆಯ ಬಿಸಿಯೆಲ್ಲ ಹೊರಗೆ ಹೋಯಿತು, ಮೈನಸ್ ಮೂವತ್ತಾರು ಒಳಗೆ ಬಂತು. ನೀನು ತಲೆಯೆತ್ತಿದೆ. ನನಗೆ ನಿನ್ನ ಗಂಟಲು ಕಾಣಿಸಿತು. ಹುಟ್ಟಿದಾಗಿನಿಂದ ಆ ಬೆಳಕಿನಲ್ಲಿ ನಿನ್ನ ಮುಖ ನಾನು ನೋಡಿದ್ದಿಲ್ಲ.

ನೀನು ಸಿಳ್ಳೆ ಹಾಕಲು ತುಟಿ ಕೂಡಿಸಿದೆ. ಬರಲಿಲ್ಲ. ಒಣಗಿದ ತುಟಿ, ಬರೀ ಗಾಳಿ. ಮತ್ತೆ ಊದಿದೆ, ತುಟಿ ಒಡೆದು ರಕ್ತ ಬಂತು. ಆಗ ಪೀಪಾಯಿಯ ಹಿಂದೆ ಕ್ಯಾಮೆರಾ ಹೂಡಿ ನಿಂತಿದ್ದ ನನ್ನ ಕಡೆ ತಿರುಗಿ, "ನಿನ್ನ ಯಂತ್ರಕ್ಕೆ ಹೇಳೇ, ಅದು ಕರೀಲಿ" ಎಂದೆ.

ಒತ್ತಿದೆ. ಪೀಂ, ಪೀಂ, ಪೀಂ. ಅವರು ಇಳಿದರು ಮಗಳೇ. ನಮ್ಮ ಮನೆಯ ಹೊಗೆ ಕೊಳವೆ ಮುಟ್ಟುವಷ್ಟು ಕೆಳಗೆ. ಮಾವ ಉಗುರು ತಿಕ್ಕಲಿಲ್ಲ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ನೀನು ಸುಝಾನ್‌ಳ ಶಾಲನ್ನು ಎರಡೂ ಕೈಯಲ್ಲಿ ಎತ್ತಿ, ಏಳು ವರ್ಷದ ಹುಡುಗಿಯ ದನಿಯಲ್ಲಿ, "ಅವ್ವಾ, ಬಾಗಿಲು ತೆಗೆದಿದೀನಿ" ಎಂದೆ.

ಯಾರನ್ನು ಕರೆದೆ ಎಂದು ನನಗೆ ತಿಳಿಯಲಿಲ್ಲ. ಮೇಲಿನವಳನ್ನೋ, ಪೀಪಾಯಿಯ ಹಿಂದೆ ನಿಂತವಳನ್ನೋ. ಸುಮ್ಮನಿರಲು ಆಗಲಿಲ್ಲ. "ಬಂದೆ ಮಗಳೇ" ಎಂದೆ.

ಬುಧವಾರ ಮಧ್ಯಾಹ್ನ ವಿಮಾನ ಬಂತು. ನಿನ್ನನ್ನು ಜಾರುಬಂಡಿಯಲ್ಲಿ ಮಲಗಿಸಿ ಒಯ್ದೆವು. ಮುಂದಿನದು ನಿನಗಿಂತ ಆಸ್ಪತ್ರೆಯವರಿಗೆ ಚೆನ್ನಾಗಿ ಗೊತ್ತು.

ರೀಲು ಇದರೊಳಗಿದೆ. ಈ ಸಲವೂ ನೀನೇ ಮೊದಲು ನೋಡು.

ನಿವಿಯಾಕ್


ವಿನ್ನಿಪೆಗ್
೧೯ ಮಾರ್ಚ್ ೧೯೯೫

ಅವ್ವಾ,

ಬದುಕಿದ್ದೇನೆ. ಡಾಕ್ಟರು ಬಂದು ಮಂಚದ ಪಕ್ಕ ನಿಂತು ಅರ್ಧ ಗಂಟೆ ಬೈದರು. ಅವರಿಗೂ ಬೈಯಲು ಬರುತ್ತದೆ ಎಂದು ತಿಳಿದು ಅವರ ಮೇಲೆ ಸ್ವಲ್ಪ ಪ್ರೀತಿ ಬಂತು. "ಇದು ಕೊನೇ ಸಲ. ಇನ್ಮೇಲೆ ಇಂಥ ಹುಚ್ಚಾಟ ಇಲ್ಲ" ಎಂದರು. ಅವರ ಜೇಬಿನ ಪೆನ್ನು ನನ್ನ ಹಾಸಿಗೆಯ ಮೇಲೆ ಬಿದ್ದಿತ್ತು. ಎತ್ತಿಟ್ಟುಕೊಂಡಿದ್ದೇನೆ, ಮುಂದಿನ ಚಳಿಗಾಲ ಸಹಿ ಹಾಕಲು ಬೇಕಾಗುತ್ತದೆ.

ಕುರ್ಚಿಯಲ್ಲಿ ಕೂರುತ್ತಿದ್ದೇನೆ. ಸೋಮವಾರ, ಬುಧವಾರ, ಶುಕ್ರವಾರ. ಸಾಯುವುದಕ್ಕೆ ಊರಿಗೆ ಬರುತ್ತೇನೆ ಎಂದಿದ್ದೆನಲ್ಲ, ಆ ಮಾತು ಹಿಂದಕ್ಕೆ ತೆಗೆದುಕೊಂಡೆ. ಈಗ ಊರಿಗೆ ಬರುವುದಕ್ಕಾಗಿ ಇಲ್ಲಿ ಬದುಕುತ್ತೇನೆ. ಯಂತ್ರ ನನ್ನನ್ನು ಹಿಡಿದಿಟ್ಟಿದೆ ಎಂದು ಅದು ಅಂದುಕೊಳ್ಳಲಿ. ಅದನ್ನು ದುಡಿಸಿಕೊಳ್ಳುತ್ತಿರುವವಳು ನಾನು.

ಸ್ಟುಡಿಯೋದವನು ಈ ಸಲ ಕಪ್ಪು ಎನ್ನಲಿಲ್ಲ. ಪ್ರಿಂಟುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿ, "ಈ ಬಾಗಿಲಲ್ಲಿ ನಿಂತಿರೋರು ಯಾರಮ್ಮ?" ಎಂದು ಕೇಳಿದ. ನಾನೇ ಎಂದೆ. "ಅಷ್ಟು ಚಳೀಲಿ ಬಾಗಿಲು ಯಾಕೆ ಹಂಗೆ ತೆಗೆದಿಟ್ಟಿದೀರಾ?" ಎಂದ. "ನೆಂಟರು ಬರೋರಿದ್ರು" ಎಂದೆ.

ಆ ಚಿತ್ರ ಈಗ ಸುಝಾನ್‌ಳ ಮಂಚದ ಎದುರಿನ ಗೋಡೆಯಲ್ಲಿದೆ. ಅದರಲ್ಲಿ ಶಾಲು ಹಸಿರಾಗಿ ಕಾಣುತ್ತದೆ. ಅವಳು ಅದನ್ನು ನೋಡುತ್ತ ಹಿಂದಕ್ಕೆ ತಿರುಗದೆಯೇ ನನ್ನನ್ನು ಕೇಳಿದಳು: "ನೀನು ಕರೆದಾಗ ಮೇಲಿಂದ ಉತ್ತರ ಬಂತೇನೇ?"

ಜ್ವರವಿತ್ತು, ಹೌದು. ಆದರೆ ಅದೊಂದು ನೆನಪಿದೆ ಅವ್ವ. ಮೇಲಿಂದ ಬರಲಿಲ್ಲ. ಪೀಪಾಯಿಯ ಹಿಂದಿನಿಂದ ಬಂತು.

ಕಾವಿಕ್‌ಗೆ ಹೇಳು, ಒಲೆಯ ಎಣ್ಣೆ ಎಷ್ಟು ಖರ್ಚಾದರೂ ಆಗಲಿ, ಮುಂದಿನ ಚಳಿಗಾಲ ನಾನು ಬಂದ ದಿನ ಆ ಬಾಗಿಲನ್ನು ಯಾರೂ ಹಾಕಕೂಡದು.

ನಿನ್ನ ಮಗಳು,
ರೋಡಾ